ಹುಲ್ಲೊಡ್ಡಿನಲ್ಲಿ ಒಂದು ಕಿಂಡಿ

ಸಾಂತ ವೆನಾರ್ದಿಯಾ, ಕಾವಲುಗೋಪುರದ ಬುಡದಿಂದ
ಫೆಬ್ರವರಿ ಮೂವತ್ತು, 2214

ಪೂಜ್ಯ ನೀಲಾಂಬಿಕಾ ಆಯಿಯವರಿಗೆ ಮುಕ್ತಾ ಕ್ವಾರ್ತ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ನೀವು ಹುಬ್ಬೇರಿಸುತ್ತೀರಿ ಎಂದು ಗೊತ್ತು. ಫೆಬ್ರವರಿಗೆ ಮೂವತ್ತು ನಮ್ಮ ಕಾಲದಲ್ಲಿ ಬಂದಿದೆ. ಬೇಸಿಗೆ ತಡೆಯಲಾರದಷ್ಟು ಸುಡತೊಡಗಿದಾಗ ಹಿರಿಯರು ಸಭೆ ಸೇರಿ ಜುಲೈಯಿಂದ ಒಂದು, ಆಗಸ್ಟಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ದಿನ ಕಡಿಮೆಯಾದರೆ ಬಿಸಿಲೂ ಕಡಿಮೆಯಾದೀತು ಎಂದುಕೊಂಡರೋ ಏನೋ. ಬಿಸಿಲಿಗೆ ಇದರ ಸುದ್ದಿ ಮುಟ್ಟಿದಂತಿಲ್ಲ, ನಮಗೆ ಮಾತ್ರ ಚಳಿಗಾಲದಲ್ಲಿ ಎರಡು ದಿನದ ಕೆಲಸ ಹೆಚ್ಚಿತು. ಇನ್ನು ನನ್ನ ಕನ್ನಡದ ಮಾತು. ನಿಮ್ಮನ್ನೂ ಸೇರಿಸಿ ಎಣಿಸಿದರೆ ನಾನು ಏಳನೆಯ ತಲೆಮಾರಿನವಳು. ನಾಲ್ಕು ತಲೆಮಾರುಗಳ ಹಿಂದೆಯೇ ನಮ್ಮವರು ಇಟಲಿಯ ಈ ತುದಿಗೆ ಬಂದು ನೆಲೆಸಿದರು. ಮನೆಯಲ್ಲಿ ಆಡುತ್ತ, ಹಳೆಯ ಪುಸ್ತಕಗಳನ್ನು ಓದುತ್ತ ಉಳಿಸಿಕೊಂಡ ಭಾಷೆ ಇದು. ಕೆಲವು ಪದಗಳನ್ನು ನಾವೇ ಕಟ್ಟಿಕೊಂಡಿದ್ದೇವೆ. ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಂಡು ಓದಬೇಕು.

ಪತ್ರ ಹೇಗೆ ತಲುಪಿತು ಎಂದು ಕೇಳಬೇಡಿ. ಕಡಲ್ಗಳ್ಳರು ಬರುತ್ತಾರೋ ಎಂದು ಕಾಯಲು ನಿಮಗಿಂತ ಎಷ್ಟೋ ಶತಮಾನ ಹಿಂದಿನವರು ಕಟ್ಟಿಸಿದ ಗೋಪುರ ನಮ್ಮ ದಂಡೆಯ ಮೇಲಿದೆ. ಅದರ ಉತ್ತರದ ಗೋಡೆಯಲ್ಲಿ ಒಂದು ಕಲ್ಲಿನ ಸಂದಿ. ಹಿಂದಿನವರಿಗೆ ಹೇಳುವುದೇನಾದರೂ ಇದ್ದರೆ ನಾವು ಬರೆದು ಅಲ್ಲಿ ಇಡುತ್ತೇವೆ. ಕೆಲವು ಮರುದಿನವೂ ಅಲ್ಲೇ ಇರುತ್ತವೆ, ಕೆಲವು ಇರುವುದಿಲ್ಲ. ಇಲಿ ತಿಂದಿರಬಹುದು ಎನ್ನುವವರೂ ಊರಲ್ಲಿ ಇದ್ದಾರೆ. ಇದು ಇಲಿಯ ಪಾಲಾಗದೆ ನಿಮ್ಮ ಕೈ ಸೇರಿದ್ದರೆ, ನೀವಿನ್ನೂ ಹುಬ್ಬಳ್ಳಿಯಲ್ಲಿದ್ದೀರಿ. ಬರುವ ಮೇ ತಿಂಗಳಿಗೆ ಇಪ್ಪತ್ತೆರಡು ಜನರ ಪ್ರವಾಸದ ತಂಡ ಕಟ್ಟಿಕೊಂಡು, ಎಪ್ಪತ್ತೆಂಟು ವರ್ಷದ ನಿಮ್ಮ ತಾಯಿ ಬಸಲಿಂಗವ್ವನವರನ್ನೂ ಕರೆದುಕೊಂಡು, ಇಲ್ಲಿಗೆ ಹೊರಡುವ ಸಿದ್ಧತೆಯಲ್ಲಿದ್ದೀರಿ. ಹೊರಡುವ ಮೊದಲು ಇದನ್ನು ಪೂರ್ತಿ ಓದಿ.

ನಮ್ಮ ನಾಡಿನ ಹೆಸರು ಸಲೆಂತೊ. ನಕ್ಷೆಯಲ್ಲಿ ಇಟಲಿಯನ್ನು ಬೂಟಿನಂತೆ ಬರೆಯುತ್ತಾರಲ್ಲ, ಅದರ ಹಿಮ್ಮಡಿ. ಮೂಡಲಿಗೊಂದು ಕಡಲು, ಪಡುವಲಿಗೊಂದು ಕಡಲು. ನೋಡಲು ಬರುವವರನ್ನು ನಾವು ನೋಟಗಾರರು ಎನ್ನುತ್ತೇವೆ. ನಿಮ್ಮ ಹಾಗೆ ದಿನಕ್ಕೆ ಮೂರು ಊರು ಮುಗಿಸಿ ಬಸ್ಸಿನಲ್ಲಿ ನಿದ್ದೆ ಹೋಗುವ ರೂಢಿ ಈಗ ಇಲ್ಲ. ಉತ್ತರದಿಂದ ರೈಲಿನಲ್ಲಿ ಬರುತ್ತಾರೆ, ಆಮೇಲೆ ಕಾಲ್ನಡಿಗೆ. ಲೆಚ್ಚೆ ಎಂಬ ಊರಿನಲ್ಲಿ ಮೆತ್ತನೆಯ ಹಳದಿ ಕಲ್ಲಿನಲ್ಲಿ ಕೆತ್ತಿದ ಚರ್ಚುಗಳು ಇನ್ನೂ ನಿಂತಿವೆ, ಆದರೆ ಉಪ್ಪುಗಾಳಿಗೆ ದೇವದೂತರ ಮೂಗುಗಳು ಸವೆದಿವೆ. ಮೂಗಿಲ್ಲದ ಆ ಮುಖಗಳನ್ನೇ ಜನ ಪ್ರೀತಿಯಿಂದ ನೋಡಿ ಹೋಗುತ್ತಾರೆ. ದಕ್ಷಿಣದ ತುದಿಯಲ್ಲಿ ಲೆಯುಕಾದ ದೀಪಸ್ತಂಭ. ಅಲ್ಲಿ ಎರಡು ಕಡಲು ಕೂಡುವ ಗೆರೆ ನೀರಿನ ಮೇಲೆ ಕಾಣುತ್ತದೆ ಎಂದು ನಿಮ್ಮ ಕಾಲದಲ್ಲೂ ಹೇಳುತ್ತಿದ್ದರಂತೆ. ನನಗೆ ಐವತ್ತಾರು ವರ್ಷ, ಇನ್ನೂ ಕಂಡಿಲ್ಲ. ಕಂಡಿತು ಎಂದು ಕುಣಿಯುವ ನೋಟಗಾರರಿಗೆ ಇಲ್ಲ ಎಂದು ಹೇಳುವ ಮನಸ್ಸೂ ಬರುವುದಿಲ್ಲ. ದಾರಿಯುದ್ದಕ್ಕೂ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಬೇಲಿಗಳು, ಅವುಗಳ ಒಳಗೆ ಅಂಜೂರ, ಕಡಲೆ, ಈಗೀಗ ಜೋಳ. ಆಲಿವ್ ಮರಗಳು ನಿಮ್ಮ ಕಾಲದಲ್ಲೇ ರೋಗ ತಗಲಿ ಒಣಗತೊಡಗಿದ್ದವು. ಈಗ ಅವುಗಳ ಬೊಡ್ಡೆಗಳನ್ನು ನೋಡಲೆಂದೇ ಬರುವವರಿದ್ದಾರೆ.

ನಮ್ಮ ಊರು ಪಡುವಣ ಕಡಲಿನ ಮೇಲಿದೆ. ಬಂದ ನೋಟಗಾರರು ಮೊದಲ ಬೆಳಿಗ್ಗೆ ಬುಟ್ಟಿ ಹೊರಬೇಕು. ಅದು ಇಲ್ಲಿಯ ಟಿಕೆಟು. ಮಧ್ಯಾಹ್ನ ಅವರಿಗೆ ಊಟ ಹಾಕುತ್ತೇವೆ. ಇಲ್ಲಿಯವರಿಗೆ ಫ್ರಿಸೆ ಎಂಬ ಒಣರೊಟ್ಟಿ ಉಂಟು, ಎರಡು ಸಲ ಸುಟ್ಟು ಗಟ್ಟಿ ಮಾಡಿದ್ದು, ನೀರಲ್ಲಿ ಅದ್ದಿ ಟೊಮೆಟೊ ಹಿಂಡಿ ತಿನ್ನುವಂಥದು. ನಮ್ಮವರು ಬಂದ ಹೊಸದರಲ್ಲಿ ಕಟಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರಂತೆ. ಎರಡೂ ಕಡೆಯವರು ಒಬ್ಬರ ರೊಟ್ಟಿಯನ್ನೊಬ್ಬರು ಕಡಿದು, ಹಲ್ಲು ಹಿಡಿದುಕೊಂಡು ನಕ್ಕರು ಎಂದೂ, ಊರಿನ ಸ್ನೇಹ ಅಲ್ಲಿಂದ ಶುರುವಾಯಿತೆಂದೂ ಹೇಳುತ್ತಾರೆ. ಸಂಜೆ ನೋಟಗಾರರು ಸರದಿಯ ಮೇಲೆ ಗೋಪುರ ಹತ್ತಿ ದಂಡೆಯನ್ನು ನೋಡುತ್ತಾರೆ. ದಂಡೆಯ ಮೇಲೆ ಕಾಲಿಡುವುದು ಜೂನ್ ತಿಂಗಳ ಇಪ್ಪತ್ತೊಂದು ದಿನ ಮಾತ್ರ. ಅವಕ್ಕೆ ಹೆಜ್ಜೆದಿನಗಳು ಎಂದು ಹೆಸರು. ಆಗ ಒಂದು ಮರದ ಏಣಿ ಹಾಕುತ್ತೇವೆ. ಬರಿಗಾಲಲ್ಲಿ ಇಳಿದು, ಬಿಳಿ ಮರಳಿನ ಮೇಲೆ ನೀರಿನವರೆಗೆ ನಡೆದು, ಕಾಲು ತೋಯಿಸಿಕೊಂಡು ಮರಳಬೇಕು. ಮೂವತ್ತು ವರ್ಷ ಕಾದು ಬಂದವರು ಮೊಣಕಾಲಿನವರೆಗೆ ನೀರಲ್ಲಿ ನಿಂತು ಅಳುವುದನ್ನು ನೋಡಿದ್ದೇನೆ. ಹೆಜ್ಜೆಗಳು ಲೆಕ್ಕದಲ್ಲಿರುವುದರಿಂದ ಒಡ್ಡು ಕಾಯುವವರು ತಮ್ಮ ಪಾಲಿನದನ್ನು ಬಂದವರಿಗೆ ಬಿಟ್ಟುಕೊಡುವುದು ಪದ್ಧತಿ. ಹಾಗಾಗಿ ಈ ದಂಡೆಯನ್ನು ಕಾಯುವ ನಾನು ಈ ದಂಡೆಯ ಮರಳು ತುಳಿದವಳಲ್ಲ. ನನಗಿಂತ ಮುಂಚೆ ನಲವತ್ತು ವರ್ಷ ಕಾದ ನನ್ನ ಅವ್ವ ದಾನಮ್ಮನೂ ತುಳಿದವಳಲ್ಲ.

ಒಡ್ಡು ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು, ನಿಮ್ಮ ಪ್ರವಾಸಕ್ಕೂ ನನ್ನ ಪತ್ರಕ್ಕೂ ಅದೇ ಮೂಲ. ಈ ಕಡಲಿನ ತಳದಲ್ಲಿ ಹುಲ್ಲು ಬೆಳೆಯುತ್ತದೆ. ಪಾಚಿಯಲ್ಲ, ಬೇರು, ಎಲೆ, ಹೂವು ಎಲ್ಲ ಇರುವ ನಿಜವಾದ ಹುಲ್ಲು. ಚಳಿಗಾಲದ ಹೊತ್ತಿಗೆ ಅದು ಹಳೆಯ ಎಲೆ ಉದುರಿಸುತ್ತದೆ, ಅಲೆಗಳು ಆ ಎಲೆಗಳನ್ನು ತಂದು ದಂಡೆಯ ಮೇಲೆ ರಾಶಿ ಹಾಕುತ್ತವೆ. ನೋಡಲು ಕಂದು ಬಣ್ಣದ ಕಸ, ಮೂಗಿಗೆ ಕೊಳೆತ ವಾಸನೆ. ಆದರೆ ಬಿರುಗಾಳಿ ಬಂದಾಗ ಅಲೆಯ ಪೆಟ್ಟನ್ನು ಮೊದಲು ತಿನ್ನುವುದು ಆ ರಾಶಿ, ಅದರ ಹಿಂದೆ ಮುಂದೆ ಮರಳು ಉಳಿಯುತ್ತದೆ. ರಾಶಿಯನ್ನು ಎತ್ತಿ ಚೊಕ್ಕ ಮಾಡಿದರೆ ಎಲೆಯ ಜೊತೆಗೆ ಮರಳೂ ಹೋಗುತ್ತದೆ, ಉಳಿದದ್ದನ್ನು ಮುಂದಿನ ಚಳಿಗಾಲ ಒಯ್ಯುತ್ತದೆ. ನಾವೀಗ ಆ ಎಲೆಯನ್ನು ಪ್ರತಿ ವರ್ಷ ಮರಳಿಗಿಳಿಯದೆ ಕೊಕ್ಕೆಯಿಂದ ಎಳೆದು, ಬುಟ್ಟಿಯಲ್ಲಿ ಹೊತ್ತು ಹರಡಿ, ತುಳಿದು, ಕಲ್ಲುರುಳಿ ಎಳೆದು, ವರ್ಷಕ್ಕೆ ಎರಡು ಬೆರಳಿನಷ್ಟು ಏರಿಸುತ್ತೇವೆ. ಜೂನ್ ಬಂದಾಗ ಆ ವರ್ಷದ ಪದರದ ಮೇಲೆ ತೆಳ್ಳಗೆ ಬಿಳಿ ಮರಳು ಚೆಲ್ಲಿ ಗುರುತು ಮಾಡುತ್ತೇವೆ. ಇದೇ ಹುಲ್ಲೊಡ್ಡು. ಅರವತ್ತಮೂರು ವರ್ಷಗಳಲ್ಲಿ ಆಳೆತ್ತರದ ಮೇಲೆ ಒಂದು ಮೊಳ ಎದ್ದಿದೆ. ಹೊಲಕ್ಕೆ ಒಡ್ಡು ಹಾಕಿ ಗೊತ್ತಿದ್ದ ನಮ್ಮ ಎರೆನಾಡಿನ ಜನ ಇಲ್ಲಿಯವರಿಗೆ ಕೊಟ್ಟ ವಿದ್ಯೆ ಇದು, ಪದವೂ ನಮ್ಮದೇ. ಇಟಲಿಯ ಮಕ್ಕಳೂ ಒಡ್ಡು ಎಂದೇ ಅನ್ನುತ್ತವೆ, ಅಲೆಗಳು ಹೊಸೆದು ತರುವ ಹುಲ್ಲುನಾರಿನ ಉಂಡೆಗಳಿಂದ ಅದರ ನೆರಳಲ್ಲಿ ಆಡುತ್ತವೆ.

ಈಗ ನಿಮ್ಮ ವಿಷಯ. ನಮ್ಮ ಮನೆಯಲ್ಲಿ ನಿಮ್ಮ ಧ್ವನಿ ಇದೆ ಆಯಿ. ನೀವು ನರಗುಂದದಲ್ಲಿರುವ ತಂಗಿಗೆ ಫೋನಿನಲ್ಲಿ ಕಳಿಸುವ ಐವತ್ತೊಂದು ಸೆಕೆಂಡಿನ ಮಾತು. ಅದನ್ನು ನಿಮ್ಮ ನಂತರದ ಆರೂ ತಲೆಮಾರುಗಳು ಕೇಳುತ್ತ ಬಂದಿವೆ. ನನಗಂತೂ ಬಾಯಿಪಾಠ:

"ಏ ತಂಗಿ, ಕೇಳಿಲ್ಲೆ. ಇಲ್ಲಿ ದಂಡಿ ತುಂಬ ಕೊಳತ ಹುಲ್ಲು ಬಿದ್ದೈತಿ, ಆಳೆತ್ತರ. ಅವ್ವನ ಗಾಲಿ ಕುರ್ಚಿ ಹೆಂಗ ದಾಟಬೇಕು? ಆ ದಂಡಿ ಕೆಲಸದಾಂವ ಬ್ಯಾಡ ಬ್ಯಾಡ ಅಂತ ಕೈ ಮಾಡಿದಾ, ನಾ ಬಿಡಲಿಲ್ಲ. ಎಪ್ಪತ್ತೆಂಟ ವರ್ಷ ಬಾವಿ ನೀರು ಸೇದಿದಾಕಿ, ಒಂದ್ಸಲ ಸಮುದ್ರದಾಗ ಕಾಲಿಡೂದು ಬ್ಯಾಡೇನು? ಕಡಿಸೇ ಬಿಟ್ಟೆ. ಕಾಲಿಟ್ಟಳು ನೋಡವಾ! ಸಣ್ಣ ಹುಡಿಗಿಗತೆ ನಕ್ಕಳು. ಖರೇನ ಉಪ್ಪ ಐತೇನು ಅಂತ ಬೆರಳ ಅದ್ದಿ ನೆಕ್ಕಿ ನೋಡಿದಳು."

ಅಷ್ಟೇ. ಕೊನೆಯಲ್ಲಿ ಬಸಲಿಂಗವ್ವನವರ ನಗೆ ಸ್ವಲ್ಪ ಕೇಳಿಸುತ್ತದೆ. ಆ ಮೇಲೆ ನೀವು ಕಿಂಡಿಯ ಚಿತ್ರ ತೆಗೆದು, ಇಲ್ಲಿ ಗಾಲಿ ಕುರ್ಚಿಗೂ ದಾರಿಯಿದೆ ಎಂದು ಊರಿಗೆಲ್ಲ ತಿಳಿಯುವಂತೆ ಹಾಕಿದಿರಿ, ಐದು ನಕ್ಷತ್ರ ಕೊಟ್ಟಿರಿ. ಚಿತ್ರ ನೋಡಿ ಬಂದವರು ಕಿಂಡಿಯಿರುವ ದಂಡೆ ಎಲ್ಲಿ ಎಂದು ಕೇಳಿದರು. ಹೋಟೆಲಿನವರು ಅದನ್ನು ಅಗಲ ಮಾಡಿದರು, ಮರುವರ್ಷ ಇಡೀ ದಂಡೆಯನ್ನೇ ಯಂತ್ರದಿಂದ ಬಾಚಿದರು. ಒಂಬತ್ತು ಚಳಿಗಾಲಗಳಲ್ಲಿ ಮರಳು ಹೋಯಿತು, ಆಮೇಲೆ ರಸ್ತೆ, ಆಮೇಲೆ ಹೊಲಗಳಿಗೆ ಉಪ್ಪುನೀರು, ಆಮೇಲೆ ಊರೇ ಎದ್ದು ಒಳನಾಡಿಗೆ ಹೋಯಿತು. ಎಲ್ಲ ದಂಡೆಗಳಲ್ಲೂ ಎಲ್ಲರೂ ಇದನ್ನೇ ಮಾಡುತ್ತಿದ್ದರು, ನೀವೊಬ್ಬರೇ ಅಲ್ಲ. ಆದರೆ ನಮ್ಮ ದಂಡೆಯ ಮೊದಲ ಕಿಂಡಿಯ ಚಿತ್ರದ ಕೆಳಗೆ ನಿಮ್ಮ ಹೆಸರಿತ್ತು. ನಿಮ್ಮ ಮೊಮ್ಮಗಳು ಸಿದ್ದವ್ವ ಆ ಹೆಸರು ನೋಡಿಯೇ ನಾಚಿ ನೀರಾಗಿ, ದಂಡೆ ಕಟ್ಟಲು ಕೈ ಬೇಕೆಂಬ ಕರೆ ಬಂದಾಗ ನರಗುಂದದ ಮೂವತ್ತು ಜನರ ಜೊತೆ ಇಲ್ಲಿಗೆ ಬಂದಳು. ಅವಳಿಂದ ನಾವು. ಹೋದ ಮರಳು ಮರಳಿ ನಿಲ್ಲಲು ಎರಡು ತಲೆಮಾರು ಹಿಡಿಯಿತು, ಆಮೇಲೆ ಎದ್ದದ್ದು ಈ ಒಡ್ಡು. ನಮ್ಮ ಮನೆಯವರು ಯಾರೇ ಒಡ್ಡಿನ ಕಾವಲು ವಹಿಸಿಕೊಂಡರೂ ಮೊದಲು ಊರಿನೆದುರು ನಿಂತು ನಿಮ್ಮ ಕಥೆ ಹೇಳಬೇಕು. ಕಿಂಡಿ ಕಡಿಸಿದವಳ ಕುಲ ನಾವು, ಇನ್ನು ಕಡಿಯುವುದಿಲ್ಲ, ಎಂದು ಮುಗಿಸಬೇಕು. ನಾನೂ ಹೇಳಿದೆ. ಹೇಳುವಾಗ ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿತ್ತು.

ಆ ಸಿಟ್ಟನ್ನು ಕಲಿಸಿದವಳು ಅವ್ವ. ಅವಳಷ್ಟು ಕಟ್ಟುನಿಟ್ಟಿನವಳನ್ನು ಈ ಕರಾವಳಿ ಕಂಡಿಲ್ಲ. ಅಪ್ಪ ಮೀನುಗಾರ, ನೂಂಚೊ ಎಂದು ಹೆಸರು. ಅವನು ತೀರಿಕೊಂಡದ್ದು ಡಿಸೆಂಬರಿನಲ್ಲಿ. ಒಡ್ಡಿನಾಚೆಯ ಮರಳಿನಿಂದ ತನ್ನ ಬೂದಿಯನ್ನು ಕಡಲಿಗೆ ಬಿಡಬೇಕೆಂದು ಕೇಳಿಕೊಂಡಿದ್ದ. ಚಳಿಗಾಲದಲ್ಲಿ ಒಡ್ಡು ದಾಟುವ ಹಾಗಿಲ್ಲ ಎಂದು ಅವ್ವ ಬೂದಿಯ ಮಡಕೆಯನ್ನು ಆರು ತಿಂಗಳು ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಳು. ಜೂನಿನಲ್ಲಿ ಏಣಿ ಹಾಕಿದ ದಿನ ನನ್ನ ಚಿಕ್ಕಪ್ಪ ಇಳಿದು ಹೋಗಿ ಬಿಟ್ಟು ಬಂದ. ಅವ್ವ ಏಣಿಯ ಈಚೆಗೇ ನಿಂತಿದ್ದಳು. ಅವತ್ತು ಅವಳ ಮುಖ ನೋಡಿದ ನನಗೆ, ಇವಳನ್ನು ಒಂದು ದಿನ ಆಚೆ ಕರೆದೊಯ್ಯಬೇಕು ಎನ್ನುವುದು ತಲೆಯಲ್ಲಿ ಕೂತುಬಿಟ್ಟಿತು.

ಈಗ ಅವ್ವನಿಗೆ ಎಂಬತ್ತೆಂಟು. ಕಳೆದ ವರ್ಷ ಬಿದ್ದು ಸೊಂಟದ ಎಲುಬು ಮುರಿಯಿತು, ಸರಿಯಾಗಿ ಕೂಡಲಿಲ್ಲ. ಎತ್ತುವ ಹಾಗಿಲ್ಲ, ಓರೆ ಮಾಡುವ ಹಾಗಿಲ್ಲ, ಸಮನೆಲದ ಮೇಲೆ ಕುರ್ಚಿಯಲ್ಲಿ ಮೆಲ್ಲಗೆ ತಳ್ಳಬಹುದು ಅಷ್ಟೆ. ಏಣಿಯೂ ಆಗದು, ದೋಣಿಗೆ ಹತ್ತಿಸುವುದೂ ಆಗದು. ಜನವರಿಯಲ್ಲಿ ವೈದ್ಯೆ ನನ್ನನ್ನು ಹೊರಗೆ ಕರೆದು, ಹೆಜ್ಜೆದಿನಗಳವರೆಗೆ ಇವರು ಇರಲಿಕ್ಕಿಲ್ಲ ಎಂದರು. ಅವ್ವ ಏನನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನೇ ನನಗೆ ತಡೆಯಲಾಗಲಿಲ್ಲ. ಅರವತ್ತು ವರ್ಷ ಬುಟ್ಟಿ ಹೊತ್ತವಳು, ತಾನು ಉಳಿಸಿದ ಮರಳನ್ನು ಒಮ್ಮೆಯೂ ತುಳಿಯದೆ ಹೋಗಬೇಕೇ? ಒಂದು ವಾರ ನಿದ್ದೆ ಬರಲಿಲ್ಲ. ನಿಮ್ಮ ಧ್ವನಿಯನ್ನು ಮತ್ತೆ ಹಾಕಿ ಕೇಳಿದೆ. ಒಂದ್ಸಲ ಸಮುದ್ರದಾಗ ಕಾಲಿಡೂದು ಬ್ಯಾಡೇನು, ಎಂದು ನೀವು ಕೇಳುವಲ್ಲಿಗೆ ಬಂದಾಗ ಹೌದು ಎಂದು ನಾನೇ ಗಟ್ಟಿಯಾಗಿ ಅಂದೆ. ಜೀವನದಲ್ಲಿ ಮೊದಲ ಸಲ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ.

ನಿನ್ನೆ ಬೆಳಿಗ್ಗೆ ನಾನು ಒಡ್ಡು ಕಡಿದೆ. ನನಗೆ ನೆರವಾದವನು ಕೊಸಿಮೊ. ಅವ್ವನ ಕೈಕೆಳಗೆ ಕೆಲಸ ಕಲಿತವನು, ಅರವತ್ತು ದಾಟಿದವನು, ನಮ್ಮವರಿಗಿಂತ ಚೆನ್ನಾಗಿ ನಮ್ಮ ಭಾಷೆ ಆಡುವವನು. ಹಾರೆ ಹೊತ್ತುಕೊಂಡು ಬಂದ. ಆಮೇಲೆ ಒಂದೇ ಮಾತು ಕೇಳಿದ: "ನಿಮ್ಮವ್ವನ್ನ ಕೇಳಿದ್ಯೇನು?" ಇಲ್ಲ ಎಂದೆ. "ಕೇಳಬೇಕಿತ್ತು," ಎಂದು ಗೊಣಗಿ ಮೊದಲ ಪೆಟ್ಟು ಅವನೇ ಹಾಕಿದ. ಒಡ್ಡು ಅಷ್ಟು ಗಟ್ಟಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒತ್ತಿ ಒತ್ತಿ ಹಲಗೆಯಂತಾದ ಎಲೆ. ಕುರ್ಚಿ ಹಿಡಿಸುವಷ್ಟು ಅಗಲಕ್ಕೆ ಮೂರು ತಾಸು ಬೇಕಾಯಿತು. ಕಿಂಡಿಯ ಆ ಕಡೆ ಮರಳು ಬೆಳ್ಳಗೆ ಹೊಳೆಯುತ್ತಿತ್ತು, ನೀರಿಗೆ ಹದಿನೈದು ಹೆಜ್ಜೆ ಇದ್ದೀತು. ನಾನು ಬೆವರು ಒರೆಸಿಕೊಂಡು ಓಡುತ್ತ ಮನೆಗೆ ಹೋದೆ. ಅವ್ವನಿಗೆ ಶಾಲು ಹೊದಿಸಿ, ಎಲ್ಲಿಗೆ ಎಂದು ಹೇಳದೆ, ಕುರ್ಚಿ ತಳ್ಳಿಕೊಂಡು ಬಂದೆ. ಸಂಭ್ರಮ ನನ್ನ ಮೋರೆಯಲ್ಲಿ ಕಾಣುತ್ತಿತ್ತೆಂದು ಕೊಸಿಮೊ ಆಮೇಲೆ ಹೇಳಿದ.

ಕಿಂಡಿಯನ್ನು ನೋಡಿದ ಕೂಡಲೇ ಅವ್ವನ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ಕಿಂಡಿಯ ನಡುವೆ ಬಂದಾಗ "ನಿಲ್ಲಸು," ಎಂದಳು. ಎರಡೂ ಬದಿಗೆ ಕಡಿದ ಗೋಡೆ, ಅದರಲ್ಲಿ ಪದರದ ಮೇಲೆ ಪದರ, ನಡುನಡುವೆ ಬಿಳಿ ಮರಳಿನ ಗೆರೆ. ಒಡ್ಡನ್ನು ಒಳಗಿನಿಂದ ಯಾರೂ ನೋಡಿರಲಿಲ್ಲ, ಅವ್ವನೂ ನೋಡಿರಲಿಲ್ಲ. ಅವಳು ಕನ್ನಡಕ ಏರಿಸಿಕೊಂಡು ಭುಜದ ಮಟ್ಟದ ಒಂದು ಪದರದ ಮೇಲೆ ಅಂಗೈ ಇಟ್ಟಳು. "ಇದು ನಿಮ್ಮಪ್ಪ ಹ್ವಾದ ವರ್ಷದ್ದು. ನೋಡು, ದಪ್ಪ ಐತಿ. ಆ ವರ್ಷ ನಾ ಮನಿಗೆ ಹೋಗತಿರಲಿಲ್ಲ, ಇಲ್ಲೇ ತುಳೀತಿದ್ದೆ." ಆಮೇಲೆ ನನ್ನನ್ನು ಕೂರಲು ಹೇಳಿದಳು. "ಕೆಳಗಿಂದ ಏಳನೇದು ಎಣಿಸು. ಅದು ನೀ ಹುಟ್ಟಿದ ವರ್ಷ. ಹುಲ್ಲು ಬರಲೇ ಇಲ್ಲ ಆ ಸಲ, ಅರ್ಧ ಬೆರಳಷ್ಟು ಬಂತು. ನಿನ್ನ ಬೆನ್ನಿಗೆ ಕಟಗೊಂಡು ಹರವಿದ್ದೆ. ಮುಟ್ಟು." ನಾನು ಮಂಡಿಯೂರಿ ಎಣಿಸಿ ಮುಟ್ಟಿದೆ. ಒಂದು ರೊಟ್ಟಿಯಷ್ಟೂ ದಪ್ಪವಿರಲಿಲ್ಲ. ಹೀಗೆ ಎಷ್ಟು ಹೊತ್ತು ಕಳೆಯಿತೋ. ಬಿರುಗಾಳಿಯ ವರ್ಷ, ಜ್ವರದ ವರ್ಷ, ಕೊಸಿಮೊನ ಮದುವೆಯ ವರ್ಷ, ಎಲ್ಲವನ್ನೂ ಬೆರಳಿಟ್ಟು ತೋರಿಸಿದಳು. ಕೊಸಿಮೊ ತನ್ನ ಮದುವೆಯ ವರ್ಷವನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡ.

ಕೊನೆಗೆ ನಾನೇ ಕುರ್ಚಿಯ ಹಿಡಿಕೆ ಹಿಡಿದು, ನೀರಿನ ಕಡೆ ಹೋಗೋಣ ಅವ್ವ, ಹದಿನೈದು ಹೆಜ್ಜೆ ಅಷ್ಟೆ, ಎಂದೆ. ಅವಳು ಒಮ್ಮೆ ಕಡಲಿನ ಕಡೆ ನೋಡಿದಳು. "ಇಲ್ಲಿಂದ ಕಾಣತೈತಲ್ಲ, ಸಾಕು. ನಂದು ಇಲ್ಲೇ ಐತಿ," ಎಂದು ಗೋಡೆ ತಟ್ಟಿದಳು. "ಗಾಳಿ ತಿರುಗೂದ್ರಾಗ ಮುಚ್ಚು ಇನ್ನ." ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇವಳಿಗಾಗಿ ಆಣೆ ಮುರಿದೆ, ಊರಿನ ಮುಂದೆ ತಲೆ ತಗ್ಗಿಸಬೇಕಾಗಿದೆ, ಇವಳು ಹದಿನೈದು ಹೆಜ್ಜೆ ಮುಂದೆ ಬರುವುದಿಲ್ಲ ಎನ್ನುತ್ತಾಳೆ. ಕೊಸಿಮೊ ಅವಳನ್ನು ಮನೆಗೆ ತಳ್ಳಿಕೊಂಡು ಹೋದ. ನಾನು ಕತ್ತಲಾಗುವವರೆಗೆ ಕಡಿದ ಎಲೆಯನ್ನು ಕಿಂಡಿಗೆ ತುಂಬಿ ತುಳಿದೆ. ತುಳಿಯುತ್ತ ತುಳಿಯುತ್ತ ಸಿಟ್ಟು ಇಳಿಯಿತು. ಅವ್ವನಿಗೆ ಏನೋ ತಪ್ಪಿಹೋಗಿದೆ ಎಂದು ನಾನು ಇಷ್ಟು ವರ್ಷ ಕೊರಗಿದ್ದೆ. ಅವಳಿಗೆ ಏನೂ ತಪ್ಪಿರಲಿಲ್ಲ.

ಒಡ್ಡು ಕಡಿದವರು ಕಾವಲಿನ ಕೆಲಸ ಬಿಟ್ಟುಕೊಡಬೇಕು, ಮುಚ್ಚಿದ ಮೇಲೂ ಮೊದಲ ಬಿರುಗಾಳಿ ದಾಟುವವರೆಗೆ ಅಲ್ಲೇ ಕೂತು ಕಾಯಬೇಕು ಎನ್ನುವುದು ನಮ್ಮ ನಿಯಮ. ಕೈಯಿಂದ ತುಂಬಿದ ಎಲೆ ವರ್ಷಗಳು ಒತ್ತಿದ ಎಲೆಯಂತಲ್ಲ. ಅಲೆ ಅದನ್ನು ಎಳೆದೊಯ್ದರೆ ಆ ಜಾಗದಿಂದ ಮರಳು ಸೋರತೊಡಗುತ್ತದೆ, ಆಗ ಮತ್ತೆ ಮತ್ತೆ ತುಂಬುತ್ತಿರಬೇಕು. ಅದು ನಿಂತರೆ ನಾನು ಬರೀ ಕೆಲಸ ಕಳೆದುಕೊಂಡವಳು, ಹೋದರೆ ದಂಡೆ ಕಳೆದವಳು. ಹಾಗಾಗಿ ಈ ಪತ್ರ ಬರೆಯುತ್ತ ಕಿಂಡಿಯ ಪಕ್ಕದಲ್ಲೇ ಕೂತಿದ್ದೇನೆ. ಹೊತ್ತು ಕಳೆಯಲಿ ಎಂದು ಕೊಸಿಮೊ ಬೆಳಿಗ್ಗೆ ಗೋಪುರದ ಹಳೆಯ ಪುಸ್ತಕಗಳ ಗಂಟು ತಂದುಕೊಟ್ಟ. ಅದರಲ್ಲಿ ಉಚ್ಚೊನ ದಿನಚರಿ ಇತ್ತು. ನಿಮಗೆ ಬೇಡ ಬೇಡ ಎಂದು ಕೈ ಮಾಡುವ ದಂಡೆ ಕೆಲಸದವನೇ ಈ ಉಚ್ಚೊ. ನಮ್ಮ ಮನೆಯವರು ನಿಮ್ಮ ಧ್ವನಿಯನ್ನೇ ಕೇಳುತ್ತ ಕೂತಿದ್ದರು, ಅವನ ಕೈಬರಹವನ್ನು ಯಾರೂ ಬಿಡಿಸಿ ಓದಿರಲಿಲ್ಲ. ಅವನು ಬರೆದಿದ್ದಾನೆ: ಅಜ್ಜಿ ನೀರಿಗಿಳಿದು ನಕ್ಕಳು, ನನಗೂ ಸಂತೋಷವಾಯಿತು. ಮುಚ್ಚಲೆಂದು ಸಲಿಕೆ ತಂದೆ. ತಂಡದ ಯಜಮಾನಿ ಬೇಡವೆಂದಳು. ಇರಲಿ ಬಿಡು, ನಾಳೆ ಇನ್ಯಾರದೋ ಅವ್ವ ಬಂದಾಳು, ಅವಳಿಗೂ ದಾರಿಯಾಗಲಿ, ಎಂದಳಂತೆ. ದುಭಾಷಿ ಹಾಗೆ ಹೇಳಿದ. ಅವರಿಗೆ ಒತ್ರಾಂತೊಗೆ ಹೋಗುವ ಹೊತ್ತಾಗಿತ್ತು. ಬಸ್ಸು ಮರೆಯಾಗುವವರೆಗೂ ಸಲಿಕೆ ಹಿಡಿದು ನಿಂತಿದ್ದೆ. ಮರುದಿನ ಮಾಲೀಕರು ಬಂದು, ಕಿಂಡಿ ಚೆನ್ನಾಗಿದೆ, ಇನ್ನಷ್ಟು ಅಗಲ ಮಾಡು ಎಂದರು.

 ನೀವು ಕಡಿಸಿದ್ದನ್ನು ನಾವು ತಲೆಮಾರುಗಳಿಂದ ದೂರುತ್ತ ಬಂದೆವು. ಕಡಿದದ್ದರಿಂದ ಏನೂ ಆಗಿರಲಿಲ್ಲ ಆಯಿ. ಹಿಂದೆ ಬರುವವರು ಬಾಗಿಲು ಮುಚ್ಚಿದ್ದು ನೋಡಬಾರದು, ತೆರೆದಿಟ್ಟು ಹೋಗುವುದೇ ಮರ್ಯಾದೆ ಎಂದು ಬೆಳೆದ ಮನೆತನ ನಮ್ಮದು. ಉಂಡೆದ್ದ ಮೇಲೂ ಇನ್ನೊಬ್ಬರಿಗೆಂದು ರೊಟ್ಟಿ ಮುಚ್ಚಿಡುವ ಜನ. ಆ ಒಳ್ಳೆಯತನದಿಂದಲೇ ದಂಡೆ ಹೋಯಿತು. ಇದನ್ನು ತಪ್ಪು ಎಂದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ತಪ್ಪಲ್ಲ ಎನ್ನಲೂ ಆಗುವುದಿಲ್ಲ, ಯಾಕೆಂದರೆ ನೈಋತ್ಯದಲ್ಲಿ ಮೋಡ ಕಟ್ಟುತ್ತಿದೆ, ಗಾಳಿ ತಿರುಗಿದೆ, ಇನ್ನೊಂದು ತಾಸಿಗೆ ಅಲೆ ಇಲ್ಲಿಗೆ ಮುಟ್ಟುತ್ತದೆ. ನಾನು ಸಲಿಕೆ ಹಿಡಿದು ನಿಲ್ಲಬೇಕು.

ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಕಡಿಸಬೇಡಿ ಎಂದು ನಾನು ಕೇಳುವುದಿಲ್ಲ. ಬಸಲಿಂಗವ್ವನವರು ಬಯಸಿದರೆ ಹೋಗಲಿ, ಬೆರಳು ಅದ್ದಿ ನೆಕ್ಕಲಿ, ನಗಲಿ. ಕುರ್ಚಿ ಈಚೆಗೆ ಬಂದ ಮೇಲೆ ಉಚ್ಚೊ ಸಲಿಕೆ ತರುತ್ತಾನೆ. ಅವನಿಗೆ ಹೂಂ ಅನ್ನಿ. ನೀವು ಇಪ್ಪತ್ತೆರಡು ಜನ ಇದ್ದೀರಿ, ಎಲ್ಲರೂ ಒಂದೊಂದು ತೆಕ್ಕೆ ಎಳೆದು ಹಾಕಿದರೆ ಅರ್ಧ ತಾಸಿನ ಕೆಲಸ. ವಾಸನೆ ಹೊಡೆಯುತ್ತದೆ, ಕೈ ತೊಳೆದುಕೊಂಡರೆ ಹೋಗುತ್ತದೆ. ಬಸ್ಸಿನ ಚಾಲಕ ಗೊಣಗಿದರೆ ಗೊಣಗಲಿ. ಒತ್ರಾಂತೊದ ಚರ್ಚಿನ ನೆಲದ ತುಂಬ ಚೂರುಗಲ್ಲಿನಲ್ಲಿ ಮಾಡಿದ ದೊಡ್ಡ ಮರದ ಚಿತ್ರವನ್ನು ನೋಡಲು ನೀವೆಲ್ಲ ಅವಸರ ಮಾಡುತ್ತೀರಿ. ಅದು ಇನ್ನೂ ಇದೆ, ಹೋದ ವರ್ಷ ನಾನೇ ನೋಡಿ ಬಂದೆ. ಅರ್ಧ ತಾಸು ತಡವಾದರೆ ಅದು ಕಾಯುತ್ತದೆ. ನಮ್ಮ ದಂಡೆ ಕಾಯಲಿಲ್ಲ.

ಇನ್ನೊಂದು ಮಾತು ಉಳಿದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನೀವು ಕಿಂಡಿ ಮುಚ್ಚಿ ಹೋದರೆ ದಂಡೆ ಉಳಿಯುತ್ತದೆ. ದಂಡೆ ಉಳಿದರೆ ಸಿದ್ದವ್ವ ನಾಚಿಕೆಯಿಂದ ಇಲ್ಲಿಗೆ ಬರುವ ಕಾರಣವಿಲ್ಲ. ಅವಳು ಬರದಿದ್ದರೆ ಈ ಒಡ್ಡಿಲ್ಲ, ಆ ಅರವತ್ತಮೂರು ಪದರಗಳಿಲ್ಲ, ಅಪ್ಪನನ್ನು ಅವ್ವ ಕಾಣುವುದಿಲ್ಲ, ನಾನಿಲ್ಲ. ಇದು ಹೊಳೆದಾಗ ನನ್ನ ಕೈ ನಿಂತಿತು. ಇದೊಂದು ವಿಷಯವನ್ನು ನಾನೊಬ್ಬಳೇ ತೀರ್ಮಾನಿಸಬಾರದು ಎನ್ನಿಸಿತು. ಕಾವಲು ಬಿಟ್ಟು ಏಳುವಂತಿಲ್ಲ, ಅದಕ್ಕೆ ಕೊಸಿಮೊನನ್ನು ಮನೆಗೆ ಕಳಿಸಿದೆ. ಎಲ್ಲವನ್ನೂ ಬಿಡಿಸಿ ಹೇಳಿ ಅವ್ವನನ್ನು ಕೇಳಿಕೊಂಡು ಬಾ ಎಂದೆ. ಅವನು ಈಗಷ್ಟೇ ಮರಳಿ ಬಂದ. ಅವ್ವ ಕಿಟಕಿಯ ಪಕ್ಕ ಕೂತು ಕಡಲೆ ಸುಲಿಯುತ್ತಿದ್ದಳಂತೆ. ಎರಡು ಸಲ ಹೇಳಿಸಿಕೊಂಡು ಕೇಳಿದಳಂತೆ. ಆಮೇಲೆ, "ದಂಡಿ ಇರತೈತೇನು? ಮತ್ತ ಕೇಳೂದೇನೈತಿ, ಮುಚ್ಚಿ ಹೋಗ ಅಂತ ಬರಿ," ಎಂದಳಂತೆ.

ಬರೆದಿದ್ದೇನೆ.

ಮುಕ್ತಾ